ಮಾಡಿದವಳ ತಾಟು

"ಊಟ ಆತೇನ್ರೀ?" ನಮ್ಮ ಕಡೆ ಒಬ್ಬರನ್ನೊಬ್ಬರು ಮಾತನಾಡಿಸುವುದೇ ಈ ಪ್ರಶ್ನೆಯಿಂದ. ರೋಣದ ಬಸ್ ಸ್ಟ್ಯಾಂಡಿನಲ್ಲಾಗಲಿ, ನರಗುಂದದ ಸಂತೆಯಲ್ಲಾಗಲಿ, ಗಜೇಂದ್ರಗಡದ ನೇಕಾರರ ಓಣಿಯಲ್ಲಾಗಲಿ, ಗುರುತಿನವರು ಕಂಡರೆ ಕ್ಷೇಮಸಮಾಚಾರಕ್ಕಿಂತ ಮೊದಲು ಊಟದ ವಿಚಾರ. ಹಸಿದವರನ್ನು ಹಾಗೇ ಕಳಿಸಬಾರದೆಂಬ ಹಳೆಯ ಮರ್ಯಾದೆ ಆ ಮಾತಿನಲ್ಲಿದೆ. ಆದರೆ ಹೆಂಚಿನ ಮುಂದೆ ಕುಳಿತವಳನ್ನು ಹೀಗೆ ಕೇಳುವವರು ಕಡಿಮೆ. ಅವಳದು ಹೇಗೋ ಆಗುತ್ತದೆ ಎಂದು ಮನೆಯವರೆಲ್ಲ ತಿಳಿದುಕೊಂಡಿರುತ್ತಾರೆ. ಅವಳೂ ಹಾಗೆಯೇ ತಿಳಿದಿರುತ್ತಾಳೆ.

ಈ ವಿಚಾರ ನನ್ನ ತಲೆಗೆ ಹೊಕ್ಕಿದ್ದು ಫ್ರಾನ್ಸ್ ದೇಶದ ದೆಸೆಯಿಂದ ಎಂದರೆ ನೀವು ನಗಬಹುದು. ನನ್ನ ಅಣ್ಣನ ಮಗಳು ಗಂಡನ ನೌಕರಿಯ ಸಲುವಾಗಿ ಅಲ್ಲಿಯ ತುಲೂಸ್ ಎಂಬ ಊರಿನಲ್ಲಿದ್ದಾಳೆ. ವಿಮಾನ ಕಟ್ಟುವ ಕಾರಖಾನೆಗಳ ಊರು ಅದು. ನೆರೆಮನೆಯವರು ಒಂದು ಭಾನುವಾರ ಊಟಕ್ಕೆ ಕರೆದಿದ್ದರಂತೆ. ಮರುದಿನ ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು: "ಅತ್ತೀ, ಇಲ್ಲೆ ಊಟಕ್ಕ ಕುಂತರ ಎರಡು ತಾಸು ಏಳೂದ ಇಲ್ಲ ನೋಡ್ರಿ. ಅಡಗಿ ಮಾಡಿದ ಅಜ್ಜೀನೂ ನಮ್ಮ ಜೋಡಿ ಕುಂತು ಉಂಡಳು. ಅದ ನನಗ ಭಾಳ ಚಲೋ ಅನಿಸ್ತು." ಅಲ್ಲಿಯ ತಿನಿಸುಗಳ ಹೆಸರು ಕೇಳಬೇಕೆಂದಿದ್ದ ನಾನು ಈ ಮಾತಿಗೆ ಸುಮ್ಮನಾದೆ. ತಿನಿಸಿನ ಹೆಸರು ಆಮೇಲೆ ಕೇಳಿದೆ, ಅನ್ನಿ.

ಫ್ರಾನ್ಸ್ ಎಂದರೆ ದೊಡ್ಡ ಹೋಟೆಲು, ಎತ್ತರದ ಬಿಳಿ ಟೊಪ್ಪಿಗೆಯ ಬಾಣಸಿಗರು ಎಂದು ನಾವು ತಿಳಿದಿರುತ್ತೇವೆ. ಮನೆಯ ಅಡುಗೆ ಹಾಗಲ್ಲ. ಅಲ್ಲಿಯ ಹಳೆಯ ಮನೆ ಅಡುಗೆಯೊಂದಕ್ಕೆ 'ಪೊತೊಫ' ಎನ್ನುತ್ತಾರೆ. ಹೆಸರಿನ ಅರ್ಥ 'ಬೆಂಕಿಯ ಮೇಲಿನ ಗಡಿಗೆ' ಎಂದಷ್ಟೇ. ಮಾಂಸ, ಗಜ್ಜರಿ, ಉಳ್ಳಾಗಡ್ಡಿ ಮುಂತಾದ ಗಡ್ಡೆಗಳನ್ನು ನೀರಿನಲ್ಲಿ ಹಾಕಿ ಸಣ್ಣ ಉರಿಯ ಮೇಲೆ ತಾಸುಗಟ್ಟಲೆ ಬೇಯಲು ಬಿಡುತ್ತಾರೆ. ತುಲೂಸಿನ ಸೀಮೆಯಲ್ಲಿ 'ಕಸುಲೆ' ಎಂಬುದು ಹೆಸರುವಾಸಿ. ಬಿಳಿ ಅವರೆಯಂಥ ಕಾಳುಗಳನ್ನು ಮಾಂಸದೊಡನೆ ಮಣ್ಣಿನ ಪಾತ್ರೆಯಲ್ಲಿಟ್ಟು ನಿಧಾನವಾಗಿ ಬೇಯಿಸುವುದು. ಆ ಮಣ್ಣಿನ ಪಾತ್ರೆಯ ಹೆಸರೇ ಅಡುಗೆಗೂ ಬಂದಿದೆ. ಮಾಂಸ ತಿನ್ನದ ನಮ್ಮ ಹುಡುಗಿ ಬರಿಯ ಕಾಳಿನದನ್ನೇ ಮಾಡಿಕೊಳ್ಳುತ್ತಾಳಂತೆ. ಇನ್ನೊಂದು 'ರತತುಯಿ'. ದಕ್ಷಿಣದ ನೀಸ್ ಪಟ್ಟಣದ ಕಡೆಯದು; ಬದನೆಕಾಯಿ, ಟೊಮೆಟೊ, ದೊಣ್ಣಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಇವೇ ಅದರ ಬಂಡವಾಳ. ಬದನೆಕಾಯಿ ನಮ್ಮ ಸೀಮೆಯಿಂದಲೇ ಆ ಕಡೆ ಹೋದ ಕಾಯಿ. ಹೊರದೇಶದ ಅಡುಗೆಯ ಬುಟ್ಟಿ ತೆರೆದರೆ ತವರಿನವರೇ ಸಿಕ್ಕಂತಾಯಿತು.

2010ರಲ್ಲಿ ಯುನೆಸ್ಕೊ ಸಂಸ್ಥೆ ಫ್ರೆಂಚರ ಊಟವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಸೇರಿಸಿದ್ದು ಯಾವುದೋ ಒಂದು ತಿನಿಸನ್ನಲ್ಲ. ಹುಟ್ಟುಹಬ್ಬ, ಮದುವೆ ಮೊದಲಾದ ಸಂತೋಷದ ದಿನಗಳಲ್ಲಿ ಒಳ್ಳೆಯ ಪದಾರ್ಥ ಆರಿಸಿ ತಂದು, ಮೇಜು ಸಿಂಗರಿಸಿ, ಒಂದಾದ ಮೇಲೊಂದು ಬಡಿಸಿಕೊಂಡು, ಎಲ್ಲರೂ ಕೂಡಿ ಉಣ್ಣುವ ಪದ್ಧತಿಯನ್ನು. ಊಟವೆಂದರೆ ತಾಟಿನಲ್ಲಿರುವುದಷ್ಟೇ ಅಲ್ಲ, ತಾಟಿನ ಸುತ್ತ ಯಾರು ಕುಳಿತಿದ್ದಾರೆ ಎಂಬುದೂ ಊಟವೇ ಎಂದು ಜಗತ್ತು ಒಪ್ಪಿದಂತಾಯಿತು. ಹಾಗೆಂದು ಫ್ರಾನ್ಸಿನ ಹೆಂಗಸರೆಲ್ಲ ಸುಖದಲ್ಲಿದ್ದಾರೆಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಮನೆಯ ಅಡುಗೆಯ ಭಾರ ಬಹುಕಾಲ ಹೆಂಗಸಿನ ಹೆಗಲ ಮೇಲೇ ಇತ್ತು, ಈಗಲೂ ಹೆಚ್ಚಿನ ಪಾಲು ಅವಳದೇ. ಆದರೆ ಗಡಿಗೆ ತನ್ನಷ್ಟಕ್ಕೆ ಬೇಯುತ್ತದೆ. ಒಮ್ಮೆ ತಂದು ನಡುವೆ ಇಟ್ಟರೆ ಮಾಡಿದವಳೂ ಕುರ್ಚಿ ಎಳೆದುಕೊಂಡು ಕೂಡಬಹುದು.

ನಮ್ಮ ಊಟದ ಕಟ್ಟು ಬೇರೆ. ಎರೆಹೊಲದ ಹಿಂಗಾರಿ ಜೋಳ ನಮ್ಮ ಜೀವ. ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಕುದಿಯುವ ಎಸರು ಹಾಕಿ ಕಲಸಿ, ಆಗಿಂದಾಗ ನಾದಿ, ಒಂದೊಂದನ್ನೇ ಬಡಿದು, ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ ಹಾಕಬೇಕು. ನಾದಿಟ್ಟು ಹೋದರೆ ಹಿಟ್ಟು ಬಿರಿಯುತ್ತದೆ. ಉಬ್ಬಿದ ಬಿಸಿ ರೊಟ್ಟಿ ಹೆಂಚಿನಿಂದ ನೇರ ತಾಟಿಗೆ ಬೀಳಬೇಕು, ಪಕ್ಕದಲ್ಲಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಇದಕ್ಕಿಂತ ರುಚಿ ಇನ್ನೊಂದಿಲ್ಲ ಎಂಬ ಮಾತಿಗೆ ನನ್ನ ಸಹಿಯೂ ಇದೆ. ಆದರೆ ಈ ರುಚಿಗೆ ಒಂದು ಕರಾರಿದೆ. ಎಲ್ಲರೂ ಉಣ್ಣುವಷ್ಟು ಹೊತ್ತು ಒಬ್ಬಳು ಒಲೆ ಬಿಟ್ಟು ಏಳಬಾರದು. ಆರು ಜನಕ್ಕೆ ಬಿಸಿ ರೊಟ್ಟಿ ಸಿಗಬೇಕಾದರೆ ಏಳನೆಯವಳು ಆರಿದ್ದನ್ನು ಉಣ್ಣಬೇಕು.

ನಾನು ಕಲಿಸುವ ಶಾಲೆಯಲ್ಲಿ ಏಳನೆಯ ಇಯತ್ತೆಯ ಮಕ್ಕಳಿಗೆ 'ನಮ್ಮ ಮನೆಯ ಊಟ' ಎಂದು ಪ್ರಬಂಧ ಬರೆಯಲು ಹಚ್ಚಿದ್ದೆ. ಹೋಳಿಗೆ, ಕಡುಬು, ಹುಗ್ಗಿ ಎಂದು ಎಲ್ಲರೂ ಬಾಯಲ್ಲಿ ನೀರೂರುವಂತೆ ಬರೆದಿದ್ದರು. ಯಾರು ಮೊದಲು ಉಣ್ಣುತ್ತಾರೆ, ಯಾರು ಕಡೆಗೆ ಎಂದು ಬಾಯಿಮಾತಿನಲ್ಲಿ ಕೇಳಿದೆ. ಕಡೆಗೆ ಯಾರು ಎಂಬುದಕ್ಕೆ ಇಡೀ ವರ್ಗ ಒಂದೇ ದನಿಯಲ್ಲಿ "ಅವ್ವ" ಎಂದಿತು. "ಅವ್ವ ಏನೇನು ಉಣ್ಣತಾಳ?" ಎಂದೆ. ವರ್ಗ ಸುಮ್ಮನಾಯಿತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ನೋಡಿಲ್ರೀ ಅಕ್ಕೋರ" ಎಂದ. ಆ ಹುಡುಗ ಜಾಣ. ಅಪ್ಪನ ಎತ್ತುಗಳು ದಿನಕ್ಕೆ ಎಷ್ಟು ಮೇವು ತಿನ್ನುತ್ತವೆಂದು ಲೆಕ್ಕ ಸಮೇತ ಹೇಳಬಲ್ಲವನು.

"ಉಣ್ಣೋರನ್ನ ನೋಡಿದರನ ನಮಗ ಹೊಟ್ಟಿ ತುಂಬತೈತಿ" ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಈ ಮಾತನ್ನು ಸುಳ್ಳೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. ಬಡಿಸುವ ಸುಖ ನಿಜವಾದ ಸುಖ. ಮಕ್ಕಳು ಇನ್ನೊಂದು ರೊಟ್ಟಿ ಬೇಡಿದಾಗ ಕೈಗೆ ಬರುವ ಹುರುಪು ನಮಗೆಲ್ಲ ಗೊತ್ತು. ಪ್ರಶ್ನೆ ಇರುವುದು ಬೇರೆ ಕಡೆ. ಕೊಡುವುದು ಪುಣ್ಯವಾದರೆ ಆ ಪುಣ್ಯವನ್ನು ಮನೆಯ ಬೇರೆಯವರಿಗೆ ಒಂದು ದಿನವಾದರೂ ಯಾಕೆ ಹಂಚಬಾರದು? ಒಲ್ಲೆ ಎನ್ನುವ ಅಧಿಕಾರ ಇದ್ದು ಕೊಟ್ಟರೆ ಅದು ಪ್ರೀತಿ. ಒಲ್ಲೆ ಎನ್ನಲು ಬಾರದೆ ಕೊಡುತ್ತಲೇ ಹೋದರೆ, ಅದನ್ನು ಪ್ರೀತಿ ಎನ್ನಬೇಕೋ ರೂಢಿ ಎನ್ನಬೇಕೋ? 'ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು' ಎಂಬ ಗಾದೆ ಎಲ್ಲರ ಬಾಯಲ್ಲಿದೆ. ಇಬ್ಬರಲ್ಲಿ ಯಾರು ಮೇಲೆಂದು ಗಾದೆ ತೂಗಿ ನೋಡಿತು. ಅವರಿಬ್ಬರೂ ಯಾವಾಗ ಉಂಡರೆಂದು ಅದೂ ಕೇಳಲಿಲ್ಲ.

ಇದು ಬರಿಯ ಮನಸ್ಸಿನ ಮಾತೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇಕಡಾ 47.8 ಜನರಿಗೆ ರಕ್ತಹೀನತೆ ಇತ್ತು. ಅದಕ್ಕೆ ಕಾರಣಗಳು ಹಲವು, ಡಾಕ್ಟರರು ಹೇಳುತ್ತಾರೆ. ಆದರೆ ತಳದಲ್ಲಿ ಉಳಿದ ಪಲ್ಯ, ನೀರಾದ ಮಜ್ಜಿಗೆ, ಕಾಳು ಮುಗಿದ ಸಾರು ಇವುಗಳ ಮೇಲೆ ವರ್ಷಗಟ್ಟಲೆ ದಿನ ತೆಗೆಯುವವಳ ಮೈಯಲ್ಲಿ ರಕ್ತ ಎಲ್ಲಿಂದ ಬಂದೀತು ಎಂದು ತಿಳಿಯಲು ಡಾಕ್ಟರರೇ ಬೇಕಿಲ್ಲ.

ಎಲ್ಲರೂ ಕೂಡಿ ಉಣ್ಣುವ ದಾರಿ ಕಲಿಯಲು ನಾವು ಫ್ರಾನ್ಸಿನವರೆಗೆ ಹೋಗಬೇಕಾಗಿಯೂ ಇಲ್ಲ. ಎಳ್ಳ ಅಮಾವಾಸ್ಯೆಯ ಚರಗವನ್ನೇ ನೆನೆಯಿರಿ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಶೇಂಗಾ ಹೋಳಿಗೆ, ಮೊಸರನ್ನ ಎಲ್ಲ ಮೊದಲೇ ಮಾಡಿ ಬುಟ್ಟಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಭೂಮಿತಾಯಿಗೆ ಚರಗ ಚೆಲ್ಲಿದ ಮೇಲೆ ಗಿಡದ ನೆರಳಿನಲ್ಲಿ ಬುಟ್ಟಿ ಬಿಚ್ಚುತ್ತಾರೆ. ಅಲ್ಲಿ ಒಲೆ ಇಲ್ಲ. ಒಲೆ ಇಲ್ಲವೆಂದ ಮೇಲೆ ಒಲೆಯ ಮುಂದೆ ಉಳಿಯುವವಳೂ ಇಲ್ಲ. ಅತ್ತೆ ಸೊಸೆ, ಆಳು ಮಕ್ಕಳು ಎಲ್ಲರದೂ ಒಂದೇ ಪಂಕ್ತಿ. ಚರಗದ ಊಟ ವರ್ಷವಿಡೀ ನಾಲಿಗೆಯ ಮೇಲೆ ಉಳಿಯುವುದು ಸಜ್ಜಿರೊಟ್ಟಿಯ ರುಚಿಯೊಂದರಿಂದಲೇ ಅಲ್ಲ ಎಂದು ನನಗೆ ಅನಿಸುತ್ತದೆ.

ನಮ್ಮದೇ ಗದಗ ಜಿಲ್ಲೆಯ ಡಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ವೇಳೆ ರೊಟ್ಟಿ ಜಾತ್ರೆ ಆಗುತ್ತದೆ. ಮನೆಮನೆಯಲ್ಲಿ ಮೊದಲೇ ಬಡಿದಿಟ್ಟ ಕಟಕ ರೊಟ್ಟಿ, ಕರಿಂಡಿ, ಬಗೆಬಗೆಯ ಕಾಳಿನ ಪಲ್ಯ. ಜಾತಿ ಮತ ಕೇಳದೆ ಜನ ಕೂಡಿ ಉಣ್ಣುತ್ತಾರೆ. ತೇವವೆಲ್ಲ ಆರುವಂತೆ ಸುಟ್ಟ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಬಿಸಿ ರೊಟ್ಟಿಯ ಮುಂದೆ ಅದಕ್ಕೆ ನಾವು ಎರಡನೆಯ ಮಣೆ ಹಾಕುತ್ತೇವೆ. ಆದರೆ ಬಡಿದವಳನ್ನು ಪಂಕ್ತಿಯಲ್ಲಿ ಕೂಡಿಸುವ ಗುಣ ಇರುವುದು ಆ ಕಟಕ ರೊಟ್ಟಿಗೇ. ನಮ್ಮ ಹಿರಿಯ ಹೆಂಗಸರ ಜಾಣತನ ಅದರಲ್ಲಿದೆ. ಫ್ರಾನ್ಸಿನ ಗಡಿಗೆ ಮಾಡುವ ಕೆಲಸವನ್ನು ನಮ್ಮಲ್ಲಿ ಕಟಕ ರೊಟ್ಟಿಯ ಬುಟ್ಟಿ ಮಾಡುತ್ತದೆ.

ಗೆಳತಿಯರೆ, ಬಿಸಿ ರೊಟ್ಟಿ ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಮ್ಮ ಮನೆಯಲ್ಲೇ ಕೇಳುವವರಿಲ್ಲ. ವಾರದಲ್ಲಿ ಒಂದು ರಾತ್ರಿ ಒಲೆ ಆರಿಸಿದ ಮೇಲೆ ಊಟಕ್ಕೆ ಕೂಡುವ ನೇಮ ಇಟ್ಟುಕೊಳ್ಳಿ, ಅಷ್ಟೇ. ಅದಕ್ಕೆ ಆ ರತತುಯಿಯೇ ಆದೀತು. ಉಳ್ಳಾಗಡ್ಡಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ. ಬದನೆಕಾಯಿ, ದೊಣ್ಣಮೆಣಸಿನಕಾಯಿಗಳನ್ನು ದಪ್ಪ ಹೋಳು ಮಾಡಿ ಬೇರೆ ಬೇರೆಯಾಗಿ ಹುರಿದುಕೊಳ್ಳಿ. ಅವರು ಹಾಕುವ ಹಸಿರು ಕಾಯಿ ನಮ್ಮ ಸಂತೆಯಲ್ಲಿ ಸಿಗದಿದ್ದರೆ ಎಳೆಯ ಹೀರೇಕಾಯಿ ನಡೆಯುತ್ತದೆ. ಎಲ್ಲವನ್ನೂ ಹಣ್ಣು ಟೊಮೆಟೊದೊಡನೆ ಒಂದೇ ಪಾತ್ರೆಗೆ ಹಾಕಿ, ಉಪ್ಪು ಬೆರೆಸಿ, ಮುಚ್ಚಿ ಸಣ್ಣ ಉರಿಯಲ್ಲಿ ಬಿಡಿ. ಅವರು ಆಲಿವ್ ಎಣ್ಣೆ ಹಾಕುತ್ತಾರೆ, ನಾನು ಕುಸುಬಿ ಎಣ್ಣೆ ಹಾಕುತ್ತೇನೆ. ಖಾರ ಸಾಲದೆನ್ನುವವರಿಗೆ ಕೆಂಪು ಚಟ್ನಿ ಬದಿಯಲ್ಲಿರಲಿ. ಈ ಪಲ್ಯ ಆರಿದರೂ ಕೆಡುವುದಿಲ್ಲ. ಮರುದಿನ ಇನ್ನೂ ರುಚಿ ಎಂದು ಅಲ್ಲಿಯವರೇ ಹೇಳುತ್ತಾರಂತೆ. ಕಟಕ ರೊಟ್ಟಿಯ ಬುಟ್ಟಿ, ಮೊಸರಿನ ಗಡಿಗೆ ನಡುವೆ ಇಡಿ, ಬೇಕಾದವರು ನೀಡಿಕೊಳ್ಳಲಿ.

ಮೊದಮೊದಲು ನಿಮಗೇ ಕೂಡಲು ಆಗುವುದಿಲ್ಲ. ನೀರು ತರಲು, ಉಪ್ಪು ತರಲು ಕಾಲು ತಾನೇ ಏಳುತ್ತದೆ. ಗಂಡಸರೋ ಮಕ್ಕಳೋ ಎದ್ದು ತರಲಿ. ನೀವು ಕುಳಿತೇ ಇರಿ. ಮನೆಯ ಹೆಣ್ಣುಮಗಳು ನಾಳೆ ತನ್ನ ಮನೆಯಲ್ಲಿ ಎಲ್ಲಿ ಕೂಡಬೇಕೆಂಬುದನ್ನು ಇದನ್ನು ನೋಡಿಯೇ ಕಲಿಯುತ್ತಾಳೆ. ಅವ್ವನ ತಾಟಿನಲ್ಲಿ ಏನಿದೆ ಎಂಬುದು ಗಂಡುಮಗನ ಕಣ್ಣಿಗೂ ಒಮ್ಮೆ ಬೀಳಲಿ.