ನಮ್ಮದಲ್ಲದ ಬಾಲ್ಕನಿಯ ಸುಖ

ಬಳ್ಳಾರಿಯಿಂದ ತೆಕ್ಕಲಕೋಟೆ ಮಾರ್ಗವಾಗಿ ಸಿರುಗುಪ್ಪಕ್ಕೆ, ಅಲ್ಲಿಂದ ದೇಶನೂರಿಗೆ ಹೋಗುವವರಿಗೆ ಕಾಣುವುದು ಹೆಚ್ಚಾಗಿ ಭತ್ತದ ಗದ್ದೆ, ಅಕ್ಕಿ ಗಿರಣಿ ಮತ್ತು ಬಿಸಿಲು. ಊರು ಬಂದಾಗ ಮನೆಗಳು. ಹಳೆಯವು ಮಣ್ಣಿನ ಮಾಳಿಗೆಯವು, ಹೊಸವು ಬೀದಿಗೆ ಬಾಲ್ಕನಿ ಚಾಚಿ ನಿಂತ ಆರ್‌ಸಿಸಿಯವು. ಒಂದಕ್ಕೆ ಗಿಳಿಹಸಿರು ಬಣ್ಣ, ಇನ್ನೊಂದಕ್ಕೆ ಸಿಮೆಂಟಿನ ಕಮಾನು, ಮತ್ತೊಂದರ ಕಂಬಿಯ ಮೇಲೆ ಒಣಹಾಕಿದ ಕೌದಿ. ಬಸ್ಸಿನ ಕಿಟಕಿಯಿಂದ ಅರೆಗಳಿಗೆ ಕಂಡರೂ ಇವು ಮನಸ್ಸನ್ನು ಹಗುರ ಮಾಡುತ್ತವೆ. ಆ ಬಾಲ್ಕನಿಯಲ್ಲಿ ನಾವು ಎಂದೂ ಕೂರುವವರಲ್ಲ, ಆ ಮನೆಯವರ ಪರಿಚಯವೂ ನಮಗಿಲ್ಲ. ಆದರೂ ಖುಷಿಯಾಗುತ್ತದಲ್ಲ, ಏಕೆ?

ಈ ಪ್ರಶ್ನೆಯನ್ನು ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಎತ್ತಿಕೊಂಡ. ಅವನ ಉದಾಹರಣೆ ಒಂದು ಅರಮನೆ. 'ಇದು ಚೆಂದವಿದೆಯೇ?' ಎಂದು ಕೇಳಿದರೆ ಜನ ಏನೇನೋ ಹೇಳುತ್ತಾರೆ. ಬಡವರ ಬೆವರು ಸುರಿಸಿ ದೊಡ್ಡವರ ಒಣಜಂಬಕ್ಕೆ ಕಟ್ಟಿದ್ದು ಎಂದು ಒಬ್ಬ ಬೈಯುತ್ತಾನೆ. ನಿರ್ಜನ ದ್ವೀಪದಲ್ಲಿ ನನಗೊಂದು ಗುಡಿಸಲಿದ್ದರೆ ಸಾಕು, ಅರಮನೆ ಯಾಕೆ ಎಂದು ಇನ್ನೊಬ್ಬ ಕೇಳುತ್ತಾನೆ. ಎರಡೂ ಸರಿಯಾದ ಮಾತೇ ಇರಬಹುದು, ಆದರೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ ಎನ್ನುತ್ತಾನೆ ಕಾಂಟ್. ಚೆಂದದ ಮಾತು ಬಂದಾಗ ನೋಡಬೇಕಾದದ್ದು ಇಷ್ಟೇ: ಅದರಿಂದ ನನಗೇನು ಲಾಭ ಎಂಬ ಲೆಕ್ಕವಿಲ್ಲದೆ, ಬರೀ ನೋಡುವುದರಲ್ಲೇ ಸಂತೋಷವಿದೆಯೇ? ಇದನ್ನು ನಿರಾಸಕ್ತ ಆನಂದ ಎನ್ನಬಹುದು.

ಹಾಗಾಗಿ ಕಾಂಟ್ ಸಂತೋಷವನ್ನು ಮೂರು ಬಗೆ ಮಾಡಿದ. ಬಿಸಿಲಲ್ಲಿ ಬೆಂದು ಬಂದವನಿಗೆ ಬಾಲ್ಕನಿಯ ಅಡಿಯ ನೆರಳು ಹಿತ. ಗಾಳಿ ಬೆಳಕು ಆಡುವಂತೆ ಕಟ್ಟಿದ್ದಾರೆ ಎಂದು ಮೆಚ್ಚಿದರೆ ಅದು ಒಳಿತಿನ ಮೆಚ್ಚುಗೆ. ಹಿತ ದೇಹದ ಬಯಕೆಗೆ ಅಂಟಿಕೊಂಡಿದೆ, ಒಳಿತು ಉದ್ದೇಶಕ್ಕೆ ಅಂಟಿಕೊಂಡಿದೆ. ಮೂರನೆಯದಾದ ಸೌಂದರ್ಯಕ್ಕೆ ಮಾತ್ರ ಇಂಥ ಗಂಟಿಲ್ಲ.

ಹಂಪಿಯ ಕಮಲ ಮಹಲ್ ಇದಕ್ಕೆ ಒಳ್ಳೆಯ ಸಾಕ್ಷಿ. ಕಮಾನಿನೊಳಗೆ ಕಮಾನು ಮೂಡಿದ ಅದರ ಕೆಳ ಅಂತಸ್ತನ್ನೂ ಮೇಲಿನ ಬಾಲ್ಕನಿ ಕಿಟಕಿಗಳನ್ನೂ ಜನ ಕತ್ತೆತ್ತಿ ನೋಡುತ್ತಾರೆ. ಅದನ್ನು ಕಟ್ಟಿದ್ದು ಯಾತಕ್ಕೆ ಎಂಬುದರಲ್ಲಿ ವಿದ್ವಾಂಸರೊಳಗೇ ಒಮ್ಮತವಿಲ್ಲ. ಅದು ತಿಳಿಯದಿದ್ದರೂ ನೋಡುವವರ ಸಂತೋಷಕ್ಕೆ ಕೊರತೆಯಾಗಿಲ್ಲ.

ನಮ್ಮ ಕಾವ್ಯಮೀಮಾಂಸೆಯೂ ಇದೇ ಜಾಗಕ್ಕೆ ಬೇರೆ ದಾರಿಯಲ್ಲಿ ಬಂದಿತ್ತು. ಕಾಶ್ಮೀರದ ಭಟ್ಟನಾಯಕ ಇದನ್ನು ಸಾಧಾರಣೀಕರಣ ಎಂದ: ನಾಟಕ ನೋಡುವಾಗ ಅಲ್ಲಿನ ಭಾವ ನನ್ನದೂ ಅಲ್ಲ, ಪಕ್ಕದವನದೂ ಅಲ್ಲ, ಎಲ್ಲರದೂ ಆಗುತ್ತದೆ. ಅದೇ ನಾಡಿನ ಅಭಿನವಗುಪ್ತ ರಸಕ್ಕೆ, ಅಂದರೆ ಕಲೆಯ ಸವಿಗೆ, ಅಡ್ಡಬರುವ ವಿಘ್ನಗಳನ್ನು ಪಟ್ಟಿ ಮಾಡಿದಾಗ, ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿರುವುದನ್ನೂ ಅದರಲ್ಲಿ ಸೇರಿಸಿದ. ಅವರು ಹೇಳಿದ್ದು ನಾಟಕ, ಕಾವ್ಯಗಳ ಬಗ್ಗೆ. ಬೀದಿಯ ನೋಟಕ್ಕೆ ಅದನ್ನು ಹಿಗ್ಗಿಸುವ ಹೊಣೆ ನಮ್ಮದು. ಮೈಸೂರಿನ ವಿದ್ವಾಂಸ ಎಂ. ಹಿರಿಯಣ್ಣನವರು ಕಲಾನುಭವವನ್ನು ಜೀವನ್ಮುಕ್ತನ, ಅಂದರೆ ಬದುಕಿರುವಾಗಲೇ ಬಿಡುಗಡೆ ಪಡೆದ ಜ್ಞಾನಿಯ, ನಿಲುವಿಗೆ ಹತ್ತಿರ ತಂದರು. ಎರಡರಲ್ಲೂ 'ನಾನು, ನನ್ನದು' ಸಡಿಲಾಗುತ್ತದೆ. ಜ್ಞಾನಿಗೆ ಆ ಸ್ಥಿತಿ ನೆಲೆ ನಿಲ್ಲುತ್ತದೆ, ನಮಗೆ ಬಂದು ಹೋಗುತ್ತದೆ. ಕಲಾನುಭವದ ಬಗ್ಗೆ ಹಿರಿಯಣ್ಣನವರು ಬರೆದ ಪ್ರಬಂಧಗಳು ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1954ರಲ್ಲಿ.

ತಿರುಗಾಟದಲ್ಲಿ ಬಾಲ್ಕನಿಗಳು ಏಕೆ ಹೆಚ್ಚು ಚೆಂದ ಕಾಣುತ್ತವೆ ಎಂಬುದು ಈಗ ತಿಳಿಯುತ್ತದೆ. ಸ್ವಂತ ಬಾಲ್ಕನಿ ನೋಡಿದವನಿಗೆ ಸ್ಲ್ಯಾಬ್ ಸೋರುವುದು, ಪಾರಿವಾಳದ ಹಿಕ್ಕೆ, ಬ್ಯಾಂಕ್ ಸಾಲದ ಕಂತು ನೆನಪಾಗುತ್ತವೆ. ಪ್ರಯಾಣಿಕನಿಗೆ ಆ ಯಾವ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ಕಣ್ಣು ಬಿಡುವಾಗಿರುತ್ತದೆ. ಹಾಗೆಂದು ಪ್ರಯಾಣವೇ ಬೇಕೆಂದಿಲ್ಲ: ಕಾಂಟ್ ತನ್ನ ಊರು ಕೋನಿಗ್ಸ್‌ಬರ್ಗಿನ ಸೀಮೆ ದಾಟಿ ದೂರ ಹೋದವನೇ ಅಲ್ಲ.

ಆಕ್ಷೇಪವೂ ಉಂಟು. ಬಾಲ್ಕನಿ ಚಿತ್ರಪಟವಲ್ಲ, ಅಲ್ಲಿ ಜನ ಇರುತ್ತಾರೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು ಹೊರಟಾಗ ಮಾಳಿಗೆಯ ಮೇಲೆ ನಿಲ್ಲುವವರು ನೋಡಲು ಬಂದವರು, ನಮ್ಮ ನೋಟಕ್ಕೆ ನಿಂತವರಲ್ಲ. ಅವರತ್ತ ಮೊಬೈಲ್ ಎತ್ತಿ, ಪೋಸ್ಟ್ ಹಾಕಿ ಲೈಕ್ ಎಣಿಸತೊಡಗಿದರೆ ಲಾಭದ ಲೆಕ್ಕ ಹಿಂಬಾಗಿಲಿನಿಂದ ಒಳಬಂದಂತೆಯೇ. ಅರಮನೆಯ ಹಿಂದಿನ ಬೆವರಿನ ಪ್ರಶ್ನೆಯನ್ನೂ ಕಾಂಟ್ ಪಕ್ಕಕ್ಕಿಟ್ಟನೇ ಹೊರತು ಸುಳ್ಳೆನ್ನಲಿಲ್ಲ. ಸಾರುವೆಯ ಮೇಲೆ ನಿಂತು ಆ ಕಮಾನು ತಿದ್ದಿದ ಗೌಂಡಿಗೆ ಸರಿಯಾದ ಕೂಲಿ ಸಿಕ್ಕಿತೇ ಎಂದು ನ್ಯಾಯ ಕೇಳುವುದು ಬೇರೆ ಹೊತ್ತಿನ ಕೆಲಸ, ಆದರೆ ಕೇಳಲೇಬೇಕಾದ ಕೆಲಸ.

ಬೇಕೆನ್ನದೆ ಮೆಚ್ಚುವುದು ಒಂದು ಅಭ್ಯಾಸ. ಅದಕ್ಕೆ ಖರ್ಚಿಲ್ಲ, ಯಾರ ಪಾಲೂ ಕಡಿಮೆಯಾಗುವುದಿಲ್ಲ. ಮುಂದಿನ ಸಲ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಫೋನು ಜೇಬಿಗೆ ಹಾಕಿ, ತುಸು ಮೇಲೆ ನೋಡಿ.