ಮುದನೂರಿನ ಮಗ್ಗ, ಇಸಾಂಪುರದ ಕಲ್ಲು

ದೊಡ್ಡತನ ಹುಟ್ಟಿನಿಂದ ಬರುತ್ತದೋ, ದುಡಿಮೆಯಿಂದಲೋ? ಕನ್ನಡದ ‘ಕವಿರಾಜಮಾರ್ಗ’ ಬಹಳಷ್ಟು ಋಣಿಯಾಗಿರುವ, ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’ದಲ್ಲೇ ಈ ಚರ್ಚೆ ಇದೆ. ಸಹಜ ಪ್ರತಿಭೆ, ನಿರ್ಮಲ ಪಾಂಡಿತ್ಯ, ಎಡೆಬಿಡದ ಅಭ್ಯಾಸ ಮೂರೂ ಸೇರಿ ಕಾವ್ಯವಾಗುತ್ತದೆ ಎನ್ನುವ ದಂಡಿ, ಪೂರ್ವಜನ್ಮದ ಸಂಸ್ಕಾರದಿಂದ ಬರುವ ಪ್ರತಿಭೆ ಇಲ್ಲದವನೂ ಓದಿ, ಶ್ರಮಿಸಿ ವಾಗ್ದೇವಿಯನ್ನು ಸೇವಿಸಿದರೆ ಅವಳು ಒಂದಿಷ್ಟು ಅನುಗ್ರಹಿಸಿಯೇ ತೀರುತ್ತಾಳೆ ಎಂದೂ ಸೇರಿಸುತ್ತಾನೆ. ಜನ್ಮಾಂತರವನ್ನು ನಂಬಿದವನೇ ಈ ಜನ್ಮದ ಬೆವರಿಗೂ ಜಾಗ ಬಿಟ್ಟಿದ್ದಾನೆ. ಇನ್ನು ಅಭ್ಯಾಸ ಬೇರೂರಲು ಏನು ಬೇಕು? ದೀರ್ಘಕಾಲ, ನಿರಂತರತೆ, ಆದರ ಎನ್ನುತ್ತದೆ ಪತಂಜಲಿಯ ಯೋಗಸೂತ್ರ.

ಆದರ ಎಂದರೇನು ಎಂಬುದಕ್ಕೆ ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಒಂದು ಕಥೆಯಿದೆ. ಮುದನೂರಿನ ದೇವರ ದಾಸಿಮಯ್ಯ ನೇಕಾರ. ವಚನಕಾರರಲ್ಲಿ ಮೊದಲಿಗನೆಂದು ಪರಂಪರೆ ಅವನನ್ನು ಗೌರವಿಸುತ್ತದೆ. ಕಷ್ಟಪಟ್ಟು ನೆಯ್ದ ಬಟ್ಟೆಯನ್ನು ಸಂತೆಗೆ ಒಯ್ದರೆ ಮಾರಾಟವಾಗಲಿಲ್ಲ. ಮರಳುವ ದಾರಿಯಲ್ಲಿ ಮುದಿ ಜಂಗಮನೊಬ್ಬ ಬೇಡಿದ, ಕೊಟ್ಟ. ಜಂಗಮ ಅದನ್ನು ಕಣ್ಣೆದುರೇ ಹರಿದು ಚೂರುಮಾಡಿದ. ದಾಸಿಮಯ್ಯ ಸಿಡುಕಲಿಲ್ಲ, ಆತನನ್ನು ಮನೆಗೆ ಕರೆದೊಯ್ದು ಹೆಂಡತಿ ದುಗ್ಗಳೆಯೊಂದಿಗೆ ಉಪಚರಿಸಿದ. ಬಂದವನು ಶಿವನೇ, ಬರಿದಾಗದ ತವನಿಧಿ ಕೊಟ್ಟು ಹೋದನಂತೆ.

ಜನ ನೆನೆಯುವುದು ತವನಿಧಿಯ ಪವಾಡವನ್ನು. ಕಥೆಯ ತಿರುಳು ಇರುವುದು ಹರಿದ ಬಟ್ಟೆಯಲ್ಲಿ. ಒಳ್ಳೆಯ ನೇಕಾರನಾಗಲು ಕೈಚಳಕ ಬೇಕು. ಆದರೆ ದುಡಿಮೆಯ ಫಲ ಕಣ್ಣೆದುರೇ ಚೂರಾದಾಗಲೂ ಮನಸ್ಸು ಕದಡದಿರಲು ಕೈಚಳಕ ನೆರವಾಗದು. ಅಲ್ಲಿಗೆ ಬೇರೆಯೇ ಸಾಧನೆ ಬೇಕು.

ದೀರ್ಘಕಾಲಕ್ಕೂ ನಿರಂತರತೆಗೂ ಇದೇ ಸೀಮೆಯಲ್ಲಿ ನಿದರ್ಶನವಿದೆ, ಅದು ನಮ್ಮ ಕಾಲದ್ದು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ 1960ರ ದಶಕದಲ್ಲಿ ಕೃಷ್ಣಾ–ಭೀಮಾ ನಡುವಿನ ಈ ದೋಆಬಿಗೆ ಬಂದದ್ದು ನವಶಿಲಾಯುಗದ ನೆಲೆಗಳನ್ನು ಹುಡುಕಲು. ಆ ಕುರಿತ ಅವರ ಪುಸ್ತಕ 1973ರಲ್ಲಿ ಹೊರಬಂತು. ಅಲ್ಲಿಗೆ ಮುಗಿಸಿ ಬೇರೆಡೆ ಹೋಗಬಹುದಿತ್ತು. ಅವರು ಹುಣಸಗಿ, ಬೈಚಬಾಳ ಕಣಿವೆಗಳಿಗೆ ಮತ್ತೆ ಮತ್ತೆ ಬಂದರು. ಹೊಲ, ಹಳ್ಳ, ದಿಬ್ಬಗಳಲ್ಲಿ ನಡೆದೇ ಹಳೆ ಶಿಲಾಯುಗದ ನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಇಸಾಂಪುರದ ನೆಲೆ 1983ರಲ್ಲಿ ಕಣ್ಣಿಗೆ ಬಿತ್ತು; ಅಲ್ಲಿ ಉತ್ಖನನ ನಡೆದದ್ದು 1990ರ ದಶಕದ ಕೊನೆಯಲ್ಲಿ. ಸುಣ್ಣಕಲ್ಲಿನ ಚಪ್ಪಡಿ, ಸುತ್ತಿಗೆಗಲ್ಲು, ಚಕ್ಕೆ, ಅರೆಬರೆ ಕೈಗೊಡಲಿ, ಪೂರ್ತಿಯಾದ ಕೈಗೊಡಲಿ ಎಲ್ಲವೂ ಸಿಕ್ಕ ಆ ಜಾಗ ಆದಿಮಾನವನ ಕಾರ್ಖಾನೆಯೇ ಆಗಿತ್ತು. ಪ್ರಾಣಿಗಳ ಹಲ್ಲಿನ ಕಾಲಮಾಪನ ಅದಕ್ಕೆ ಸುಮಾರು 12 ಲಕ್ಷ ವರ್ಷದ ಪ್ರಾಯ ಸೂಚಿಸಿತು. 2012ರಲ್ಲಿ ಪದ್ದಯ್ಯ ಅವರಿಗೆ ಪದ್ಮಶ್ರೀ ಬಂತು.

ಇಲ್ಲಿ ಪ್ರತಿಭೆಯ ಪಾಲಿಲ್ಲವೇ? ಇದೆ. ಹೊಲದ ಸಾವಿರ ಕಲ್ಲುಗಳ ನಡುವೆ ಮನುಷ್ಯನ ಕೈ ತಾಗಿದ್ದು ಯಾವುದೆಂದು ಗುರುತಿಸಲು ಚುರುಕು ಕಣ್ಣು ಬೇಕು. ಆದರೆ ಆ ಕಣ್ಣು ಪಳಗುವುದೇ ಕಲ್ಲುಗಳ ನಡುವೆ ವರ್ಷಗಟ್ಟಲೆ ಅಲೆದಾಗ.

ತಕರಾರು ಎತ್ತುವವರೂ ಉಂಟು: ಹಟ ಹಿಡಿದು ಕೂರುವ ಗುಣವೂ ಹುಟ್ಟಿನಿಂದ ಬಂದದ್ದಲ್ಲವೇ? ಇರಬಹುದು. ಆದರೂ ಬರಿಯ ಗುಣದಿಂದ ನಿಷ್ಠೆ ಬಾಳದು. ಪದ್ದಯ್ಯ ಅವರ ಬೆನ್ನಿಗೆ ಒಂದು ಸಂಸ್ಥೆಯಿತ್ತು, ದಾಸಿಮಯ್ಯನ ಮನೆಯಲ್ಲಿ ದುಗ್ಗಳೆಯಿದ್ದಳು.

ಅಂಥ ಆಸರೆ ಇದೇ ಸೀಮೆಯ ಎಲ್ಲ ಮಕ್ಕಳಿಗೂ ಇಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ಸುರಪುರ, ಶಹಾಪುರ, ಯಾದಗಿರಿಯ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ಜೊತೆಗೆ ಹೋದ ಮಕ್ಕಳ ಶಾಲೆ ನಡುವರ್ಷದಲ್ಲೇ ತುಂಡಾಗುತ್ತದೆ. ಪತಂಜಲಿ ಹೇಳಿದ ಮೂರರಲ್ಲಿ ಆದರ ಮಗುವಿನಲ್ಲೇ ಹುಟ್ಟಬಹುದು. ಉಳಿದೆರಡು ಅದರ ಕೈಯಲ್ಲಿಲ್ಲ. ಗುಳೆಯಿಂದ ಮರಳಿದ ಹುಡುಗ ಲೆಕ್ಕದಲ್ಲಿ ಹಿಂದೆ ಬಿದ್ದನೆಂದು ಅವನನ್ನು ದಡ್ಡನೆನ್ನುವುದು ಸುಲಭ. ಅವನಿಗೆ ಬುದ್ಧಿ ಎಷ್ಟಿದೆಯೆಂದು ಯಾರೂ ಇನ್ನೂ ನೋಡಿಲ್ಲ.