ಅಂಧಪಂಗುನ್ಯಾಯವೂ ನಿಕ್ಷೇಪಧರ್ಮವೂ

ಕಣ್ಣಿಲ್ಲದವನು ಕಾಲಿಲ್ಲದವನನ್ನು ಹೆಗಲ ಮೇಲೆ ಹೊತ್ತು, ಆತನು ತೋರಿದ ದಾರಿಯಲ್ಲಿ ನಡೆದರೆ ಇಬ್ಬರೂ ಊರು ಸೇರುವರು. ಸಾಂಖ್ಯರು ಇದನ್ನು ಅಂಧಪಂಗುನ್ಯಾಯವೆಂದರು. ಆದರೆ ಹೊತ್ತವನಿಗೆ ನಡುದಾರಿಯಲ್ಲಿ ಕಣ್ಣು ಬಂದರೆ, ಹೆಗಲ ಮೇಲಿನವನನ್ನು ಇಳಿಸಿ ಮುಂದೆ ಹೋಗುವುದು ಧರ್ಮವೋ ಅಧರ್ಮವೋ? ಗಣಕಯಂತ್ರಗಳನ್ನು ನಿರ್ಮಿಸುವವರಿಗೂ, ಅವುಗಳಲ್ಲಿ ಅಕ್ಷರ, ಚಿತ್ರಾದಿಗಳನ್ನು ರಚಿಸಲು ಬೇಕಾದ ತಂತ್ರಾಂಶಗಳನ್ನು ಮಾಡುವವರಿಗೂ ನಡೆದ ಸ್ಪರ್ಧೆಯಲ್ಲಿ ಈ ಪ್ರಶ್ನೆಯು ಮತ್ತೆ ಮತ್ತೆ ಎದ್ದಿದೆ. ಅಮೆರಿಕದ ಆಪಲ್, ಅಡೋಬಿ ಸಂಸ್ಥೆಗಳ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನ.

1982ರಲ್ಲಿ ಜಾನ್ ವಾರ್ನಾಕ್, ಚಾರ್ಲ್ಸ್ ಗೆಶ್ಕಿ ಎಂಬಿಬ್ಬರು ಅಡೋಬಿಯನ್ನು ಸ್ಥಾಪಿಸಿದರು. ಪುಟದ ಮೇಲಿನ ಅಕ್ಷರವನ್ನೂ ರೇಖೆಯನ್ನೂ ಮುದ್ರಣಯಂತ್ರಕ್ಕೆ ತಿಳಿಯುವಂತೆ ವರ್ಣಿಸುವ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯು ಅವರ ಕೃತಿ. ಆಪಲ್ ಸಂಸ್ಥೆಯು ಅಡೋಬಿಯಲ್ಲಿ ಹಣ ಹೂಡಿ, ಆ ಭಾಷೆಯನ್ನು 1985ರ ಲೇಸರ್‌ರೈಟರ್ ಮುದ್ರಣಯಂತ್ರದಲ್ಲಿ ಅಳವಡಿಸಿತು. ಮೇಜಿನ ಮೇಲೆಯೇ ಪುಟ ಕಟ್ಟಿ ಅಚ್ಚು ತೆಗೆಯುವ ಪದ್ಧತಿಯು ಹೀಗೆ ಹಬ್ಬಿತು. ಒಬ್ಬರ ಯಂತ್ರಕ್ಕೆ ಗಿರಾಕಿಗಳು ಬಂದರು. ಇನ್ನೊಬ್ಬರ ವಿದ್ಯೆಗೆ ನೆಲೆ ದೊರೆಯಿತು.

ಈ ಸಖ್ಯವು ಬಹುಕಾಲ ನಿಲ್ಲಲಿಲ್ಲ. ಅಡೋಬಿಯು ತನ್ನ ಉತ್ತಮ ಅಕ್ಷರರೂಪಗಳ ರಹಸ್ಯವನ್ನು ತನ್ನಲ್ಲಿಯೇ ಇಟ್ಟುಕೊಂಡು ಶುಲ್ಕ ಪಡೆಯುತ್ತಿದ್ದಿತು. 1989ರಲ್ಲಿ ಆಪಲ್ ತನ್ನ ಪಾಲನ್ನು ಮಾರಿ, ಮೈಕ್ರೋಸಾಫ್ಟಿನೊಡನೆ ಕೂಡಿ, ಟ್ರೂಟೈಪ್ ಎಂಬ ಬೇರೆ ಅಕ್ಷರಪದ್ಧತಿಯನ್ನು ಪ್ರಕಟಿಸಿತು. ಅಡೋಬಿಯು ಮರುವರ್ಷವೇ ತನ್ನ ರಹಸ್ಯವನ್ನು ಲೋಕಕ್ಕೆ ತೆರೆಯಬೇಕಾಯಿತು. ಮುಂದೆ 1996ರಲ್ಲಿ ಅಡೋಬಿ, ಮೈಕ್ರೋಸಾಫ್ಟುಗಳೇ ಒಂದುಗೂಡಿ ಓಪನ್‌ಟೈಪ್ ಪದ್ಧತಿಯನ್ನು ಘೋಷಿಸಿದುವು. ಇಂದು ಗಣಕದಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದು ಬಹುಮಟ್ಟಿಗೆ ಇದರಿಂದಲೇ. ಆದುದರಿಂದ ಸ್ಪರ್ಧೆಯೆಲ್ಲವೂ ಅಧರ್ಮವೆನ್ನಲಾಗದು. ಇಬ್ಬರ ಕಲಹದಿಂದ ಮೂರನೆಯವನಿಗೆ ಇಲ್ಲಿ ಲಾಭವೇ ಆಯಿತು.

ಎರಡನೆಯ ಕಲಹದ ಫಲವು ಬೇರೆ. ಅಂತರ್ಜಾಲದಲ್ಲಿ ಚಲಿಸುವ ಚಿತ್ರಗಳನ್ನೂ ಆಟಗಳನ್ನೂ ತೋರುವ ಫ್ಲ್ಯಾಶ್ ಎಂಬ ಸಾಧನವು 2005ರಲ್ಲಿ ಮ್ಯಾಕ್ರೋಮೀಡಿಯಾ ಸಂಸ್ಥೆಯೊಡನೆ ಅಡೋಬಿಯ ವಶವಾಯಿತು. 2007ರಲ್ಲಿ ಬಂದ ಐಫೋನಿನಲ್ಲಿ ಆಪಲ್ ಅದಕ್ಕೆ ಎಡೆಗೊಡಲಿಲ್ಲ. 2010ರ ಏಪ್ರಿಲಿನಲ್ಲಿ ಸ್ಟೀವ್ ಜಾಬ್ಸ್ ಬಹಿರಂಗ ಪತ್ರವೊಂದನ್ನು ಬರೆದು, ಫ್ಲ್ಯಾಶ್ ಒಂದೇ ಸಂಸ್ಥೆಯ ಅಧೀನವೆಂದೂ, ಅದರ ಭದ್ರತೆ ಸಾಲದೆಂದೂ, ಬ್ಯಾಟರಿಯ ಶಕ್ತಿಯನ್ನು ಹೀರುವುದೆಂದೂ ಕಾರಣ ಕೊಟ್ಟರು.

ಮನೆ ಕಟ್ಟಿದವನಿಗೆ ಬಾಗಿಲು ಮುಚ್ಚುವ ಅಧಿಕಾರವಿಲ್ಲವೆ ಎಂಬುದು ಪೂರ್ವಪಕ್ಷ. ಜಾಬ್ಸರ ಆಕ್ಷೇಪಗಳು ನಿರಾಧಾರವೂ ಅಲ್ಲ. ಆದರೆ ಊರಿನವರೆಲ್ಲರನ್ನೂ ಕರೆದು ಅಂಗಡಿಯಿಡಿಸಿದವನು ಕೇವಲ ಮನೆಯ ಯಜಮಾನನಲ್ಲ. ಅವನು ಸಂತೆಯ ಒಡೆಯ. ಆ ಸಂತೆಯಲ್ಲಿ ತಾನೂ ವ್ಯಾಪಾರಕ್ಕೆ ಕುಳಿತರೆ, ಪರರ ಸರಕನ್ನು ಅಳೆವ ಕೊಳಗದಿಂದಲೇ ತನ್ನದನ್ನೂ ಅಳೆಯತಕ್ಕದ್ದು. ಇತ್ತ ಬಾಗಿಲು ಮುಚ್ಚಿತೆಂದು ದೂರಿದ ಅಡೋಬಿಯೂ ಹಿಂದೆ ತನ್ನ ಅಕ್ಷರಗಳ ಬೀಗದ ಕೈಯನ್ನು ಬಿಗಿಹಿಡಿದಿದ್ದುದೇ ಅಲ್ಲವೆ? ಬಲವಿದ್ದಾಗ ಬೀಗವನ್ನೂ, ಬಲ ತಗ್ಗಿದಾಗ ನ್ಯಾಯವನ್ನೂ ಹೊಗಳುವುದು ಮನುಷ್ಯಸ್ವಭಾವ.

ಕಡೆಗೆ ಅಡೋಬಿಯೇ ಫ್ಲ್ಯಾಶನ್ನು ಮುಗಿಸುವುದಾಗಿ 2017ರಲ್ಲಿ ಸಾರಿ, 2020ರ ಡಿಸೆಂಬರ್ 31ರಂದು ಅದರ ಪೋಷಣೆಯನ್ನು ನಿಲ್ಲಿಸಿತು. ಎರಡು ಸಂಸ್ಥೆಗಳೂ ಕುಗ್ಗಲಿಲ್ಲ. ನಷ್ಟವಾದುದು, ಎಷ್ಟೋ ವರ್ಷಗಳಿಂದ ಆ ಸಾಧನವನ್ನು ನಂಬಿ ಸಣ್ಣ ಆಟ, ಕಥಾಚಿತ್ರಗಳನ್ನು ರಚಿಸಿದ್ದ ಅನಾಮಧೇಯ ಕಲಾವಿದರಿಗೆ. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯು 2020ರಲ್ಲಿ, ರಫಲ್ ಎಂಬ ಮುಕ್ತ ತಂತ್ರಾಂಶದ ನೆರವಿನಿಂದ, ಅಂತಹ ಕೃತಿಗಳನ್ನು ಮತ್ತೆ ಕಾಣುವಂತೆ ಮಾಡತೊಡಗಿತು. ಉಳಿದುದು ಉಳಿಯಿತು.

ಧರ್ಮಶಾಸ್ತ್ರಕಾರರು ವ್ಯವಹಾರಪದಗಳಲ್ಲಿ ನಿಕ್ಷೇಪವನ್ನೂ ಒಂದಾಗಿ ಎಣಿಸಿರುವರು. ನಂಬಿ ಇಟ್ಟ ಒಡವೆಯನ್ನು ಇಟ್ಟವನಿಗೆ ಕೆಡದಂತೆ ಮರಳಿಸಬೇಕೆಂಬುದು ಅದರ ತಾತ್ಪರ್ಯ. ಹೊತ್ತವನೂ ಕುಳಿತವನೂ ಅಗಲುವುದರಲ್ಲಿ ದೋಷವಿಲ್ಲ. ಅವರವರ ದಾರಿ ಅವರವರಿಗೆ. ಆದರೆ ಅವರ ಗಂಟಿನಲ್ಲಿದ್ದುದು ಮೂರನೆಯವನ ಸೊತ್ತು. ಅಗಲುವ ಮುನ್ನ ಅದನ್ನು ಒಡೆಯನ ಕೈಗೆ ಒಪ್ಪಿಸುವುದು ಇಬ್ಬರಿಗೂ ಕರ್ತವ್ಯ.